ಬೈಪಾಸ್ ಬಿಟ್ಟು ಊರೊಳಗೆ

ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನಲ್ಲಿ ಮೊದಲ ಸಲ ಕೂತವರು ಸಾಂಬಾರ್ ಕೇಳಿಬಿಡುತ್ತಾರೆ. ‘ಸಾಂಬಾರ್ ಇಲ್ಲ ಸರ್, ಚಟ್ನಿ, ಪಲ್ಯ ಅಷ್ಟೇ’ ಎಂದು ಹೇಳಿ ಸಪ್ಲೈಯರ್ ಆಗಲೇ ಮುಂದಿನ ಟೇಬಲ್ಲಿಗೆ ಹೋಗಿರುತ್ತಾನೆ. ಅಲ್ಲಿ ಸಿಗುವುದು ಬೆಣ್ಣೆದೋಸೆ, ಖಾಲಿ ದೋಸೆ, ಓಪನ್ ದೋಸೆ. ಮೂರೂ ಒಂದೇ ಕಾವಲಿಯ ಮಕ್ಕಳು. ಹೊಸಕೋಟೆಯಲ್ಲಿ ಮಟನ್ ಬಿರಿಯಾನಿ ತಿನ್ನಬೇಕೆಂದರೆ ಬೆಳಕು ಹರಿಯುವ ಮೊದಲೇ ಸಾಲಿನಲ್ಲಿ ನಿಂತಿರಬೇಕು. ಕ್ಯಾತ್ಸಂದ್ರದಲ್ಲಿ ಇಡ್ಲಿ ಅಂಗೈಗಿಂತ ಅಗಲ, ನಡುವೆ ಕರಗುತ್ತಿರುವ ಬೆಣ್ಣೆ. ಮದ್ದೂರಿನಲ್ಲಿ ವಡೆಗೆ ಉದ್ದಿನಬೇಳೆಯನ್ನೇ ಹಾಕುವುದಿಲ್ಲ.

ಇಪ್ಪತ್ತು ಪುಟದ ಮೆನು, ಎಲ್ಲ ಹೊತ್ತಿಗೂ ಎಲ್ಲ ತಿಂಡಿ ಎಂಬ ಅಭ್ಯಾಸವಾದವರಿಗೆ ಇದೆಲ್ಲ ವಿಚಿತ್ರವಾಗಿ ಕಾಣುತ್ತದೆ. ಆದರೆ ಚಿಕ್ಕ ಊರಿನ ಹೋಟೆಲಿನ ಇಂಥ ಹಟಗಳ ಹಿಂದೆ ಕಾರಣವಿರುತ್ತದೆ. ಆ ಕಾರಣ ಬಹುಪಾಲು ಅಡುಗೆಮನೆಯಲ್ಲಿ ಸಿಗುವುದಿಲ್ಲ, ಹೊರಗಿನ ದಾರಿಯಲ್ಲಿ ಸಿಗುತ್ತದೆ. ಊರಿನ ನಿಲ್ದಾಣದಲ್ಲಿ ರೈಲು ಎಷ್ಟು ಹೊತ್ತು ನಿಲ್ಲುತ್ತಿತ್ತು, ರಾತ್ರಿ ಬಸ್ಸು ಯಾವ ಊರಿಗೆ ಬಂದಾಗ ಬೆಳಗಾಗುತ್ತಿತ್ತು, ಘಾಟಿ ಇಳಿಯುವ ಮುನ್ನ ಲಾರಿಯವರು ಎಲ್ಲಿ ಚಹಾ ಕುಡಿಯುತ್ತಿದ್ದರು ಎಂಬುದರ ಮೇಲೆ ತಿಂಡಿಯ ಆಕಾರ, ಹೊತ್ತು, ಬೆಲೆ ಎಲ್ಲ ನಿಂತವು. ದಾರಿ ಸಾಕಿದ ಹೋಟೆಲುಗಳಿವು. ಈಗ ಅದೇ ದಾರಿ ಊರನ್ನು ಬಳಸಿಕೊಂಡು ಹೋಗುತ್ತಿದೆ.

ಮದ್ದೂರನ್ನೇ ನೋಡಬಹುದು. ಬೆಂಗಳೂರು–ಮೈಸೂರು ನಡುವಿನ ಮೀಟರ್ ಗೇಜ್ ಹಳಿ ಬಂದದ್ದು 1880ರ ದಶಕದ ಮೊದಲ ವರ್ಷಗಳಲ್ಲಿ. ಶಿಂಷಾ ನದಿಯ ದಡದ ಮದ್ದೂರು ಎರಡು ನಗರಗಳ ಮಧ್ಯದಲ್ಲಿ, ಹೊಟ್ಟೆ ಹಸಿಯುವ ಜಾಗದಲ್ಲೇ ಇತ್ತು. ಕುಂದಾಪುರದ ಕಡೆಯಿಂದ ಬಂದ ರಾಮಚಂದ್ರ ಬುದ್ಯ ಎಂಬುವರು ಅಲ್ಲಿನ ರೈಲು ನಿಲ್ದಾಣದಲ್ಲಿ ಇಡ್ಲಿ, ಪಕೋಡ ಮಾಡಿ ಮಾರುತ್ತಿದ್ದರು. 1917ರಲ್ಲಿ ಒಂದು ದಿನ ರೈಲು ಬರುವ ಹೊತ್ತಾಯಿತು, ಪಕೋಡ ಕರಿದು ಮುಗಿದಿರಲಿಲ್ಲ. ಕಲಸಿಟ್ಟ ಹಿಟ್ಟನ್ನು ಅವರು ಅಗಲಕ್ಕೆ ತಟ್ಟಿ ಎಣ್ಣೆಗೆ ಬಿಟ್ಟರು, ಅದೇ ಮದ್ದೂರು ವಡೆಯಾಯಿತು ಎಂಬುದು ತಲೆಮಾರಿನಿಂದ ಬಂದ ಕಥೆ. ಹೇಳುವವರು ಬದಲಾದಂತೆ ವಿವರವೂ ಅಷ್ಟಿಷ್ಟು ಬದಲಾಗುತ್ತದೆ. ಆದರೆ ಕಥೆಯ ತಿರುಳಿಗೆ ವಡೆಯೇ ಸಾಕ್ಷಿ ಹೇಳುತ್ತದೆ. ಇದು ರೈಲು ಪ್ರಯಾಣಿಕರಿಗೆಂದೇ ಮಾಡಿದ ತಿಂಡಿ. ತಟ್ಟೆ ಬೇಡ, ಚಮಚ ಬೇಡ. ಚಟ್ನಿ ಇದ್ದರೆ ಚೆಂದ, ಇಲ್ಲದಿದ್ದರೂ ನಡೆಯುತ್ತದೆ. ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಕೊಟ್ಟರೆ ಮೈಸೂರು ಮುಟ್ಟುವವರೆಗೂ ಗರಿಗರಿ ಕೆಡುವುದಿಲ್ಲ, ಮರುದಿನಕ್ಕೂ ಕೆಡುವುದಿಲ್ಲ. ಉದ್ದಿನ ವಡೆ ಈ ಕೆಲಸ ಮಾಡಲಾರದು. ಅದು ಆರಿದ ಮೇಲೆ ಮೆತ್ತಗಾಗಿ ಎಣ್ಣೆ ಬಿಡುತ್ತದೆ.

ಮಾಡುವ ಕ್ರಮದಲ್ಲೇ ಗುಟ್ಟಿದೆ. ಚಿರೋಟಿ ರವೆ, ಅಕ್ಕಿಹಿಟ್ಟು, ಮೈದಾ ಮೂರನ್ನೂ ಬೆರೆಸಿ ಅದಕ್ಕೆ ಕಾದ ಎಣ್ಣೆ ಅಥವಾ ತುಪ್ಪ ಹಾಕಿ, ಕೈಯಲ್ಲಿ ಹಿಡಿದರೆ ಉಂಡೆಯಾಗಿ ಬಿಟ್ಟರೆ ಪುಡಿಯಾಗುವ ಹದಕ್ಕೆ ಉಜ್ಜುತ್ತಾರೆ. ಜಿಡ್ಡು ಹಿಟ್ಟಿನ ಕಣಕಣಕ್ಕೂ ಹತ್ತಿಕೊಂಡರೆ ಮೈದಾ ಜಿಗುಟಾಗಿ ಎಳೆ ಕಟ್ಟುವುದಿಲ್ಲ. ಕಡಿದಾಗ ವಡೆ ಪದರಾಗಿ ಮುರಿಯುವುದು ಇದರಿಂದಲೇ. ಆಮೇಲೆ ತೆಳ್ಳಗೆ, ಉದ್ದುದ್ದಕ್ಕೆ ಹೆಚ್ಚಿದ ಈರುಳ್ಳಿ. ಇದು ಕಡಿಮೆಯಾದರೆ ಮದ್ದೂರು ವಡೆ ಎನ್ನಲಾಗದು. ಹಸಿಮೆಣಸಿನಕಾಯಿ, ಕರಿಬೇವು, ಉಪ್ಪಿನ ಜತೆ ಈರುಳ್ಳಿಯನ್ನು ಹಿಸುಕಿದರೆ ಅದೇ ನೀರು ಬಿಡುತ್ತದೆ, ಮೇಲಿಂದ ಚಿಮುಕಿಸುವ ನೀರು ತೀರಾ ಸ್ವಲ್ಪ. ಬಾಳೆಲೆಗೆ ಎಣ್ಣೆ ಸವರಿ ಅದರ ಮೇಲೆ ತಟ್ಟಿ, ಹದವಾದ ಉರಿಯಲ್ಲಿ ನಿಧಾನಕ್ಕೆ ಕರಿಯಬೇಕು. ಉರಿ ಜೋರಾದರೆ ಮೇಲೆ ಕಂದುಬಣ್ಣ ಬರುತ್ತದೆ, ಒಳಗಿನ ರವೆ ಹಸಿಯಾಗಿಯೇ ಉಳಿಯುತ್ತದೆ. ಚೆನ್ನಾಗಿ ಬೆಂದ ವಡೆಯ ಅಂಚಿನಲ್ಲಿ ಈರುಳ್ಳಿಯ ಎಳೆಗಳು ಅರ್ಧ ಹೊರಗೆ ಚಾಚಿ ಕಪ್ಪಿಗೆ ಹತ್ತಿರವಾಗಿರುತ್ತವೆ. ರುಚಿ ಬಲ್ಲವರು ಮೊದಲು ಕೈಹಾಕುವುದು ಆ ಅಂಚಿಗೇ.

ಕಾರು, ಬಸ್ಸು ಹೆಚ್ಚಾದಂತೆ ವಡೆ ರೈಲಿನಿಂದ ಇಳಿದು ರಸ್ತೆಗೂ ಬಂತು. ಮದ್ದೂರ್ ಟಿಫಾನೀಸ್‌ನಂಥ ಹೋಟೆಲುಗಳ ಮುಂದೆ ವಾಹನಗಳು ಸಾಲುಗಟ್ಟಿದವು. ಹಳೆಯ ಮೈಸೂರು ರಸ್ತೆಯ ಪ್ರಯಾಣವೆಂದರೆ ತಿಂಡಿಯ ಸಾಲು: ಬಿಡದಿಯಲ್ಲಿ ತಟ್ಟೆ ಇಡ್ಲಿ, ರಾಮನಗರ ದಾಟಿದರೆ ಜಾನಪದ ಲೋಕದ ಪಕ್ಕ ಕಾಮತ್ ಲೋಕರುಚಿಯಲ್ಲಿ ಊಟ, ಚನ್ನಪಟ್ಟಣದಲ್ಲಿ ಮಕ್ಕಳಿಗೆ ಮರದ ಗೊಂಬೆ, ಮದ್ದೂರಿನಲ್ಲಿ ವಡೆ ಮತ್ತು ಎಳನೀರು. ಮೂರು ಗಂಟೆಯ ಹಾದಿ ಈ ನಿಲುಗಡೆಗಳಿಂದಾಗಿ ಅರ್ಧ ದಿನವಾದರೂ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. 118 ಕಿ.ಮೀ. ಉದ್ದ, ಸುಮಾರು 8,480 ಕೋಟಿ ರೂಪಾಯಿ ವೆಚ್ಚ. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತದೆ ಎಂದು ಸರ್ಕಾರ ಹೇಳಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್. ಆಸ್ಪತ್ರೆಗೆ ಹೋಗುವವರಿಗೆ, ದಿನವೂ ಓಡಾಡುವ ನೌಕರರಿಗೆ ಇದರಿಂದ ಆದ ಅನುಕೂಲ ದೊಡ್ಡದು. ಊರೊಳಗಿನ ರಸ್ತೆ ದಾಟುವ ಶಾಲೆಯ ಮಕ್ಕಳಿಗೂ ಲಾರಿಗಳ ಭಯ ಕಡಿಮೆಯಾಗಿದೆ. ಆದರೆ ಹಳೆಯ ರಸ್ತೆಯ ಹೋಟೆಲಿನವರಿಗೆ, ಗೊಂಬೆ ಅಂಗಡಿಯವರಿಗೆ ಇದು ನೇರ ಹೊಡೆತ. ದಾರಿಹೋಕರನ್ನೇ ನಂಬಿದ್ದ ವ್ಯಾಪಾರ ಕುಸಿಯಿತು ಎಂದು ರಾಮನಗರ, ಚನ್ನಪಟ್ಟಣ, ಮದ್ದೂರಿನ ವ್ಯಾಪಾರಿಗಳು ಮೊದಲ ತಿಂಗಳಿನಿಂದಲೇ ಹೇಳುತ್ತ ಬಂದಿದ್ದಾರೆ.

ಅದೇ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥಕ್ಕೆ ಬಿಡುವುದು ನಿಂತಿತು. ಅವು ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಹೀಗಾಗಿ ವಾರದ ಕೊನೆಗೆ ಬೈಕ್ ಏರಿ ಹೊರಡುವ ಹುಡುಗರು ಈ ಊರುಗಳ ಹೋಟೆಲುಗಳಿಗೆ ಈಗಲೂ ಗಿರಾಕಿಗಳು. ಕಾರಿನವರಿಗೆ ಮಾತ್ರ ಇದು ಮನಸ್ಸು ಮಾಡಿ ತೆಗೆದುಕೊಳ್ಳಬೇಕಾದ ತೀರ್ಮಾನ: ಬೈಪಾಸಿಗೆ ಮುಂಚೆ ಎಡಕ್ಕೆ ಇಳಿಯಬೇಕು, ಇಪ್ಪತ್ತು ನಿಮಿಷ ಹೆಚ್ಚಿಗೆ ಕೊಡಬೇಕು. ಆ ಇಪ್ಪತ್ತು ನಿಮಿಷ ಖಂಡಿತ ಕೊಡಬೇಕಾದದ್ದು.

ತುಮಕೂರು ರಸ್ತೆಯ ಕ್ಯಾತ್ಸಂದ್ರದ್ದು ಬೇರೆ ಲೆಕ್ಕ. ಪಕ್ಕದಲ್ಲೇ ಸಿದ್ಧಗಂಗಾ ಮಠ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಿಂದ ಅನ್ನ ದಾಸೋಹಕ್ಕೆ ಹೆಸರಾದ ಜಾಗ. ಮಠಕ್ಕೆ ಹೋಗಿಬರುವವರು ಒಂದು ಕಡೆ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗದಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರು ಸಮೀಪಿಸುವವರು ಇನ್ನೊಂದು ಕಡೆ. ಇವರಿಗೆ ಬೆಳಗಿನ ಹಸಿವು ಶುರುವಾಗುವ ಜಾಗ ಇದೇ. ಬಂದವರಿಗೆ ಬಿಸಿಯಾಗಿ, ಬೇಗ, ಹೊಟ್ಟೆ ತುಂಬುವಂಥದ್ದು ಬೇಕು. ತಟ್ಟೆ ಇಡ್ಲಿ ಈ ಮೂರಕ್ಕೂ ಸರಿ.

ಮನೆಯ ಇಡ್ಲಿಯ ಗುಳಿಯ ಬದಲು ಅಗಲವಾದ ಚಿಕ್ಕ ತಟ್ಟೆಗಳನ್ನು ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಜೋಡಿಸಿ ಹಬೆಗೆ ಇಡುತ್ತಾರೆ. ಹಿಟ್ಟಿನ ಪದರ ಅಗಲವಾಗಿ, ತೆಳುವಾಗಿ ಇರುವುದರಿಂದ ಹಬೆ ಬೇಗ ತಾಗುತ್ತದೆ, ಇಡ್ಲಿ ಮೆತ್ತಗಿರುತ್ತದೆ. ಅಕ್ಕಿ, ಉದ್ದಿನ ಜತೆ ಅವಲಕ್ಕಿ, ಸಬ್ಬಕ್ಕಿ ಸೇರಿಸುವವರಿದ್ದಾರೆ. ಪ್ರಮಾಣ ಮಾತ್ರ ಯಾವ ಭಟ್ಟರೂ ಬಾಯಿಬಿಡುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಹಬೆಯಲ್ಲಿ ಕೈ ಕಾಣದಂತಾಗುತ್ತದೆ. ಆ ಬಿಸಿಯಲ್ಲೇ ತಟ್ಟೆಯ ಅಂಚಿಗೆ ಚಮಚ ಹಾಯಿಸಿ ಇಡ್ಲಿಯನ್ನು ಎಬ್ಬಿಸಿ, ಮೇಲೊಂದಿಷ್ಟು ಬೆಣ್ಣೆ ಹಾಕಿ ಕೊಡುತ್ತಾರೆ. ಒಂದು ತಿಂದವರು ಇನ್ನೊಂದಕ್ಕೆ ಯೋಚಿಸುತ್ತಾರೆ, ಮೂರನೆಯದಕ್ಕೆ ಹೋಗುವವರು ವಿರಳ.

ದಾವಣಗೆರೆಯ ದೋಸೆಯ ಇತಿಹಾಸವನ್ನು ಊರಿನವರು ಅಭಿಮಾನದಿಂದ ಹೇಳುತ್ತಾರೆ. ಬೆಳಗಾವಿ ಸೀಮೆಯಿಂದ ಚೆನ್ನಮ್ಮ ಎಂಬ ತಾಯಿ ಮಕ್ಕಳನ್ನು ಕಟ್ಟಿಕೊಂಡು 1928ರ ಸುಮಾರಿಗೆ ಇಲ್ಲಿಗೆ ಬಂದರು. ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಮಾಡಿ ಮಾರತೊಡಗಿದರು. ಮುಂದೆ ಅವರ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟಿಗೆ ಬಂದು, ಬೆಣ್ಣೆ ಧಾರಾಳವಾಗಿ ಹಾಕಿ ಇವತ್ತಿನ ರೂಪ ಕೊಟ್ಟರು. ಈ ಕಥೆಯಲ್ಲಿ ಊರಿನ ಚಹರೆಯೂ ಇದೆ. ನಾಟಕ ಕಂಪನಿಗಳು ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತಿದ್ದ ಊರು ದಾವಣಗೆರೆ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರೂ ಹೌದು. ನಾಟಕ ನೋಡಿ ಹೊರಬಂದವರಿಗೆ, ಪಾಳಿ ಮುಗಿಸಿದ ಗಿರಣಿ ಕೆಲಸಗಾರರಿಗೆ ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬುವ ತಿಂಡಿ ಬೇಕಿತ್ತು. ಮಂಡಕ್ಕಿಯಂತೂ ಇಲ್ಲಿಯದೇ. ಮಂಡಕ್ಕಿ ಭಟ್ಟಿ ಎಂಬ ಹೆಸರಿನ ಬಡಾವಣೆಯೇ ಊರಲ್ಲಿದೆ. ದೋಸೆ ಹಿಟ್ಟಿಗೆ ಮಂಡಕ್ಕಿ ಸೇರಿದ್ದು ಕೈಗೆ ಸಿಗುವುದನ್ನು ಬಳಸುವ ಜಾಣತನದಿಂದ. ಅದರಿಂದ ದೋಸೆ ಒಳಗೆ ಹಗುರ, ಹೊರಗೆ ಗರಿ.

ಹಳೆಯ ಹೋಟೆಲುಗಳಲ್ಲಿ ಇಂದಿಗೂ ಸೌದೆ ಒಲೆ ಉರಿಯುತ್ತದೆ. ದಪ್ಪ ಕಬ್ಬಿಣದ ಕಾವಲಿಯ ಒಂದು ಕಡೆ ಉರಿ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಯಾವ ದೋಸೆಯನ್ನು ಎಲ್ಲಿಗೆ ಸರಿಸಬೇಕೆಂಬ ಲೆಕ್ಕ ದೋಸೆ ಹಾಕುವವರ ಕೈಗೆ ಕಂಠಪಾಠ. ಹಿಟ್ಟನ್ನು ತೀರಾ ತೆಳ್ಳಗೆ ಹರಡುವುದಿಲ್ಲ. ಚಿಕ್ಕದಾಗಿ, ದಪ್ಪಕ್ಕೆ ಹಾಕಿ, ಬೆಣ್ಣೆ ಸುರಿದು, ಅಡಿ ಕೆಂಪಗಾದ ಮೇಲೆ ತೆಗೆಯುತ್ತಾರೆ. ಆಲೂಗಡ್ಡೆ ಪಲ್ಯ ಬೆಳ್ಳಗಿರುತ್ತದೆ, ಅರಿಸಿನ ಇಲ್ಲ, ಒಗ್ಗರಣೆಯ ಆಡಂಬರ ಇಲ್ಲ. ಖಾರವೆಲ್ಲ ಹಸಿಮೆಣಸಿನಕಾಯಿಯ ಚಟ್ನಿಯಲ್ಲಿ. ಸಾಂಬಾರ್ ಯಾಕಿಲ್ಲ ಎಂಬುದು ಇಷ್ಟು ತಿಂದ ಮೇಲೆ ತಿಳಿಯುತ್ತದೆ: ಹುಳಿ ಬಂದರೆ ಬೆಣ್ಣೆಯ ರುಚಿ ಹಿಂದೆ ಸರಿಯುತ್ತದೆ, ದೋಸೆಯ ಗರಿಯೂ ನೆನೆದುಹೋಗುತ್ತದೆ. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ‘ದಾವಣಗೆರೆ ಬೆಣ್ಣೆದೋಸೆ’ ಬೋರ್ಡ್ ಇದೆ. ಹಲವು ಕಡೆ ದೋಸೆ ಚೆನ್ನಾಗಿಯೇ ಇರುತ್ತದೆ. ಆದರೆ ಗಿರಾಕಿ ಕೇಳಿದನೆಂದು ಸಾಂಬಾರ್ ಇಟ್ಟು, ಪಲ್ಯಕ್ಕೆ ಅರಿಸಿನ ಹಾಕಿದ ದಿನವೇ ಅದು ಬೇರೆ ತಿಂಡಿಯಾಯಿತು.

ಬೈಪಾಸಿನ ಮಟ್ಟಿಗೆ ದಾವಣಗೆರೆ ಒಂದು ಭರವಸೆಯ ಉದಾಹರಣೆಯೂ ಹೌದು. ಪುಣೆ–ಬೆಂಗಳೂರು ಹೆದ್ದಾರಿ ಎಂದೋ ಊರಿನಿಂದ ಹೊರಗೆ ಸರಿದಿದೆ. ಆದರೂ ಹುಬ್ಬಳ್ಳಿಗೆ ಹೊರಟವರು ಕಾರು ತಿರುಗಿಸಿ ದೋಸೆಗಾಗಿ ಒಳಗೆ ಬರುತ್ತಾರೆ. ಊರಿನವರೇ ದಿನವೂ ತಿನ್ನುವ ತಿಂಡಿಯಾದ್ದರಿಂದ ಹೆದ್ದಾರಿಯ ಗಿರಾಕಿ ಕಡಿಮೆಯಾದರೂ ಒಲೆ ಆರಲಿಲ್ಲ. ಊರಿನ ನಾಲಿಗೆ ಯಾವುದನ್ನು ತನ್ನದೆಂದು ಒಪ್ಪಿದೆಯೋ ಆ ಹೋಟೆಲಿಗೆ ಬೈಪಾಸಿನ ಹೊಡೆತ ಅಷ್ಟಾಗಿ ತಾಗುವುದಿಲ್ಲ. ಕಷ್ಟ ಇರುವುದು ದಾರಿಹೋಕರನ್ನೇ ಪೂರ್ತಿ ನಂಬಿದ ಹೋಟೆಲುಗಳಿಗೆ.

ಘಟ್ಟದ ಹೋಟೆಲುಗಳಿಗೆ ಈ ಚಿಂತೆ ಕಡಿಮೆ, ಅಲ್ಲಿ ಬೆಟ್ಟವನ್ನು ಬಳಸಿ ಹೋಗುವ ಸುಲಭದ ದಾರಿಯೇ ಇಲ್ಲ. ಚಾರ್ಮಾಡಿ ಘಾಟಿಯ ನೆತ್ತಿಯ ಮೇಲಿರುವ ಕೊಟ್ಟಿಗೆಹಾರ ಮೂಡಿಗೆರೆ ತಾಲ್ಲೂಕಿನ ಪುಟ್ಟ ಜಾಗ. ಪೂರ್ಣಚಂದ್ರ ತೇಜಸ್ವಿ ಬದುಕಿ ಬರೆದ ಸೀಮೆ. ಅವರ ಹೆಸರಿನ ಪ್ರತಿಷ್ಠಾನ ಇರುವುದೂ ಇಲ್ಲೇ. ಮಳೆಗಾಲದಲ್ಲಿ ಮಂಜು ಕವಿದರೆ ಎದುರಿನ ವಾಹನದ ದೀಪವೂ ಕಾಣದು. ಘಾಟಿ ಇಳಿಯುವವರಿಗೆ ಧೈರ್ಯಕ್ಕೊಂದು ಬಿಸಿ ಬೇಕು, ಹತ್ತಿ ಬಂದವರಿಗೆ ದಣಿವಾರಿಸಲು ಒಂದು ಬಿಸಿ ಬೇಕು. ಇಬ್ಬರಿಗೂ ಇಲ್ಲಿ ಸಿಗುವುದು ನೀರುದೋಸೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಹೆಸರಿಗೆ ತಕ್ಕ ಹಾಗೆ ನೀರಾಗಿಸಿ, ಕಾದ ಕಾವಲಿಗೆ ಎತ್ತರದಿಂದ ಹುಯ್ಯುತ್ತಾರೆ. ಸೌಟಿನಲ್ಲಿ ಹರಡುವ ಹಾಗಿಲ್ಲ. ಹಿಟ್ಟು ಬಿದ್ದಲ್ಲೇ ಜಾಲರಿಯಂತೆ ತೂತು ಬಿದ್ದು ಬೇಯುತ್ತದೆ. ಹುಳಿ ಬರುವವರೆಗೆ ಕಾಯುವ ಕೆಲಸವಿಲ್ಲ. ಮಳೆ, ಚಳಿಯಿಂದ ಹಿಟ್ಟು ಉಬ್ಬದ ಮಲೆನಾಡಿಗೆ ಇಂಥದ್ದೇ ಹೊಂದುವ ದೋಸೆ. ಘಾಟಿ ಇಳಿದು ಕಡಲ ಕಡೆ ಹೋದರೆ ಗೋಳಿಬಜೆ, ಬನ್ಸ್, ಇನ್ನೂ ಉತ್ತರಕ್ಕೆ ಕುಂದಾಪುರದಲ್ಲಿ ಶೆಟ್ಟಿ ಲಂಚ್ ಹೋಮ್ ಹೆಸರು ಮಾಡಿದ ಕೋಳಿಯ ಘೀ ರೋಸ್ಟ್. ಪಟ್ಟಿ ಬೆಳೆಸಿದರೆ ಮುಗಿಯದು.

ಉತ್ತರ ಕರ್ನಾಟಕದಲ್ಲಿ ಮಾತ್ರ ಸ್ವಲ್ಪ ಹೊತ್ತು ಕೂರಬೇಕು. ಬಾದಾಮಿ, ಐಹೊಳೆ, ಕೂಡಲಸಂಗಮ ನೋಡಲು ಹೊರಟವರು ದಾರಿಯ ಪಟ್ಟಣಗಳಲ್ಲಿ ‘ಖಾನಾವಳಿ’ ಎಂಬ ಬೋರ್ಡ್ ಹುಡುಕಬೇಕು. ‘ಬಸವೇಶ್ವರ ಖಾನಾವಳಿ’ ಇಲ್ಲದ ಊರೇ ಅಪರೂಪ. ನಾಲ್ಕೈದು ಟೇಬಲ್ಲು, ಗಲ್ಲಾದ ಮೇಲೆ ದೇವರ ಪಟ, ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ಊಟ ಎಂದರೆ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳು ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಈರುಳ್ಳಿ, ಕೊನೆಗೆ ಅನ್ನ–ಸಾರು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಲಟ್ಟಣಿಗೆಯಲ್ಲಿ ಎಳೆದರೆ ಬಿರಿಯುತ್ತದೆ. ಬಿಸಿನೀರಿನಲ್ಲಿ ನಾದಿ, ಅಂಗೈಯಲ್ಲಿ ಬಡಿಯುತ್ತ ತಿರುಗಿಸುತ್ತ ಅಗಲ ಮಾಡಬೇಕು. ಹೆಂಚಿನ ಮೇಲೆ ಹಾಕಿದ ಕೂಡಲೇ ಮೇಲ್ಭಾಗಕ್ಕೆ ನೀರು ಸವರಬೇಕು. ವರ್ಷಗಟ್ಟಲೆ ಪಳಗಿದ ಹೆಣ್ಣುಮಕ್ಕಳ ಕೈಚಳಕ ಅದು. ಎರಡು ರೊಟ್ಟಿ ಮುಗಿಸಿ ಸಾಕೆಂದು ಕೈ ಅಡ್ಡ ಹಿಡಿದರೂ ‘ಬಿಸಿ ರೊಟ್ಟಿ ಐತ್ರಿ, ಇನ್ನೊಂದ್ ತಗೋರಿ’ ಎಂದು ತಟ್ಟೆಗೆ ಬೀಳುತ್ತದೆ. ಹಲವು ಖಾನಾವಳಿಗಳಲ್ಲಿ ಊಟಕ್ಕೆ ಒಂದೇ ದರ, ರೊಟ್ಟಿಗೆ ಲೆಕ್ಕವಿಲ್ಲ. ಹಾದಿಯಲ್ಲಿ ಅಮೀನಗಡ ಸಿಕ್ಕರೆ ಅಂಟು, ಒಣಹಣ್ಣು, ಬೆಲ್ಲದ ಕರದಂಟು ಕಟ್ಟಿಸಿಕೊಂಡು ಹೊರಡುವುದು ವಾಡಿಕೆ.

ಇಂಥ ಹೋಟೆಲುಗಳನ್ನು ಕಂಡುಹಿಡಿಯಲು ಮೊಬೈಲಿನ ನಕ್ಷೆಗಿಂತ ಪೆಟ್ರೋಲ್ ಬಂಕಿನ ಹುಡುಗ, ಆಟೊ ಚಾಲಕ ಹೆಚ್ಚು ನೆರವಾಗುತ್ತಾರೆ. ‘ಒಳ್ಳೆ ಹೋಟೆಲ್ ಎಲ್ಲಿ’ ಎಂದು ಕೇಳಿದರೆ ಅವರು ಎಸಿ ಇರುವ ಕಡೆ ಕಳಿಸುತ್ತಾರೆ. ‘ಅಣ್ಣಾ, ನೀವು ಎಲ್ಲಿ ತಿಂಡಿ ತಿಂತೀರಿ’ ಎಂದು ಕೇಳಬೇಕು. ಹೊತ್ತನ್ನೂ ಅಷ್ಟೇ ಸರಿಯಾಗಿ ಕೇಳಿಕೊಳ್ಳಬೇಕು. ಫ್ರಿಜ್ಜಿನಲ್ಲಿಟ್ಟು ಮಾರುವ ಪದ್ಧತಿ ಇಲ್ಲದ ಕಡೆ ಆ ದಿನದ ಹಿಟ್ಟು ಮುಗಿದರೆ ಆ ದಿನದ ವ್ಯಾಪಾರವೂ ಮುಗಿಯಿತು. ಹೊಸಕೋಟೆಯಲ್ಲಿ ಬಿಸಿಲೇರಿದ ಮೇಲೆ ಹೋದವರಿಗೆ ಖಾಲಿ ಹಂಡೆ ಕಾಣುತ್ತದೆ. ತಟ್ಟೆ ಇಡ್ಲಿ ಬೆಳಗಿನದೇ ಚೆಂದ, ರೊಟ್ಟಿ ಊಟ ಮಧ್ಯಾಹ್ನ ಒಂದರಿಂದ ಎರಡೂವರೆಯೊಳಗೆ. ಟೇಬಲ್ ಹಂಚಿಕೊಳ್ಳಲು ಹಿಂಜರಿಯಬಾರದು. ಎದುರು ಕೂತ ಊರಿನವರ ತಟ್ಟೆ ನೋಡಿ ಅದನ್ನೇ ಹೇಳಿದರೆ ಮೋಸವಿಲ್ಲ. ಕಿಸೆಯಲ್ಲಿ ಚಿಲ್ಲರೆ ಇರಲಿ. ಗಲ್ಲಾದ ಮೇಲೆ ಕ್ಯೂಆರ್ ಕೋಡ್ ಇದ್ದರೂ ಘಟ್ಟದ ಕಡೆ ಸಿಗ್ನಲ್ ನಂಬುವ ಹಾಗಿಲ್ಲ.

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಹೋಗುವಾಗ ಬಿಡದಿಗೆ ಇಳಿದು ಇಡ್ಲಿ ತಿಂದು, ಬರುವಾಗ ಸಂಜೆಗೆ ಮದ್ದೂರಿಗೆ ಇಳಿದರೆ ಎರಡೂ ಬಿಸಿಬಿಸಿಯಾಗಿ ಸಿಗುತ್ತವೆ. ಎಕ್ಸ್‌ಪ್ರೆಸ್‌ವೇ ಹಿಡಿದ ಮೇಲೆ ಎಲ್ಲೆಂದರಲ್ಲಿ ತಿರುಗಲು ಬರುವುದಿಲ್ಲವಾದ್ದರಿಂದ ಊರಿನ ಹೆಸರಿನ ಹಸಿರು ಫಲಕ ಕಂಡ ಕೂಡಲೇ ಎಡಪಥಕ್ಕೆ ಬಂದಿರಬೇಕು. ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಳ್ಳುವವರು ಪ್ಲಾಸ್ಟಿಕ್ ಚೀಲ ಬೇಡವೆಂದು ಹೇಳಿ ಕಾಗದದಲ್ಲೇ ಕೇಳಬೇಕು. ಪ್ಲಾಸ್ಟಿಕ್ಕಿನೊಳಗೆ ವಡೆ ಬೆವರಿ ಮೆತ್ತಗಾಗುತ್ತದೆ, ಕಾಗದದಲ್ಲಿದ್ದರೆ ಮರುದಿನ ಬೆಳಗಿನ ಕಾಫಿಗೂ ಗರಿಗರಿಯಾಗಿ ಒದಗುತ್ತದೆ.